ಗೇಮ್ ಲ್ಯಾಗ್ ಹೋಗಲಿ ಅಂತ ನೆಟ್ ಸ್ಪೀಡನ್ನೇ ಸ್ವಲ್ಪ ಇಳಿಸಿದೆ

ಮನೆಯಲ್ಲಿ ಕನೆಕ್ಷನ್ ಒಂದೇ, ಬಳಸುವವರು ನಾಲ್ಕು ಜನ. ಅಕ್ಕನಿಗೆ ದಿನವಿಡೀ ವಿಡಿಯೋ ಮೀಟಿಂಗ್. ಅಪ್ಪನ ಟಿವಿಯಲ್ಲಿ ಏನಾದರೂ ಸ್ಟ್ರೀಮ್ ಆಗುತ್ತಲೇ ಇರುತ್ತದೆ. ಅಮ್ಮನ ಫೋನ್ ಚಾರ್ಜಿಗೆ ಹಾಕಿದ ತಕ್ಷಣ ಫೋಟೋ ಬ್ಯಾಕಪ್ ಶುರು. ಇವರೆಲ್ಲರ ನಡುವೆ ಸಂಜೆ ಆನ್‌ಲೈನ್ ಗೇಮ್ ಆಡುವವನು ನಾನು. ಪ್ಲಾನ್‌ನಲ್ಲಿ ಡೌನ್‌ಲೋಡ್ 100 ಎಂಬಿಪಿಎಸ್, ಅಪ್‌ಲೋಡ್ 20. ಗೇಮ್ ಆಡಲು ಸಾಮಾನ್ಯವಾಗಿ ಒಂದು ಎಂಬಿಪಿಎಸ್ ಕೂಡ ಬೇಕಾಗುವುದಿಲ್ಲ. ಆದರೂ ಬ್ಯಾಕಪ್ ಶುರುವಾದರೆ ಸಾಕು, ಎದುರಾಳಿ ನಿಂತಲ್ಲೇ ನಿಂತು ಮರುಕ್ಷಣ ನನ್ನ ಬೆನ್ನ ಹಿಂದೆ ಇರುತ್ತಿದ್ದ.

ಎಲ್ಲರೂ ಹೇಳಿದ್ದು ಒಂದೇ ಮಾತು, ‘ದೊಡ್ಡ ಪ್ಲಾನ್ ಹಾಕಿಸ್ಕೋ’. ಸುಮ್ನೆ ದುಡ್ಡು ಸುರಿಯುವ ಮೊದಲು ತಡ ಎಲ್ಲಿ ಆಗುತ್ತಿದೆ ಅಂತ ನೋಡೋಣ ಅನ್ನಿಸಿತು.

ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ರೂಟರ್‌ಗೆ ಜೋಡಿಸಿದೆ. ವೈಫೈನಲ್ಲಿ ಅಳೆದರೆ ತೊಂದರೆ ವೈಫೈದೋ ಲೈನಿದ್ದೋ ಗೊತ್ತಾಗುವುದಿಲ್ಲ. ಎರಡು ಕಮಾಂಡ್ ವಿಂಡೋ ತೆರೆದು ಎರಡರಲ್ಲೂ ಪಿಂಗ್ (ಒಂದು ಪುಟ್ಟ ಸಂದೇಶ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಅಂತ ಅಳೆಯುವ ಕಮಾಂಡ್) ನಿಲ್ಲದೆ ಓಡುವ ಹಾಗೆ ಬಿಟ್ಟೆ, ಒಂದು ರೂಟರ್‌ನ ವಿಳಾಸಕ್ಕೆ, ಇನ್ನೊಂದು ಹೊರಗಿನ 1.1.1.1 ಅನ್ನುವ ಸರ್ವರ್‌ಗೆ. ಯಾರೂ ಏನೂ ಮಾಡದಿದ್ದಾಗ ಹೊರಗಿನದ್ದು 14, 15, 14, 16 ಮಿಲಿಸೆಕೆಂಡ್. ಚೆನ್ನಾಗಿಯೇ ಇದೆ. ಆಮೇಲೆ ಒಂದು ದೊಡ್ಡ ವಿಡಿಯೋ ಫೈಲನ್ನು ಕ್ಲೌಡ್‌ಗೆ ಅಪ್‌ಲೋಡ್ ಮಾಡಲು ಬಿಟ್ಟೆ. 15, 48, 130, 260, 310. ಅಲ್ಲೇ ನಿಂತುಬಿಟ್ಟಿತು, 300ರ ಆಸುಪಾಸಿನಲ್ಲಿ. ಪಕ್ಕದ ವಿಂಡೋದಲ್ಲಿ ರೂಟರ್ ಮಾತ್ರ ಒಂದು ಮಿಲಿಸೆಕೆಂಡಿನೊಳಗೆ ಉತ್ತರ ಕೊಡುತ್ತಲೇ ಇತ್ತು. ಅಪ್‌ಲೋಡ್ ನಿಲ್ಲಿಸಿದೆ, ನೋಡನೋಡುತ್ತಲೇ ಮತ್ತೆ 15.

ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. 2010ರ ಹೊತ್ತಿಗೆ ಜಿಮ್ ಗೆಟ್ಟಿಸ್ ಅನ್ನುವ ಎಂಜಿನಿಯರ್ ತಮ್ಮ ಮನೆಯ ಲೈನ್‌ನಲ್ಲೇ ಇದರ ಜಾಡು ಹಿಡಿದು ಎಲ್ಲರ ಗಮನಕ್ಕೆ ತಂದರು. ಲೆಕ್ಕ ಸರಳ. 20 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 2.5 ಮೆಗಾಬೈಟ್. ರೂಟರನ್ನು ಹೊರಗಿನ ಲೈನಿಗೆ ಜೋಡಿಸುವ ಮೋಡೆಮ್‌ನ ಬಫರ್‌ನಲ್ಲಿ, ಅಂದರೆ ಡೇಟಾ ಕಾದು ನಿಲ್ಲುವ ಜಾಗದಲ್ಲಿ, 750 ಕಿಲೋಬೈಟ್ ಸಾಲು ನಿಂತಿದ್ದರೆ ಹೊಸದಾಗಿ ಬಂದ ಪ್ಯಾಕೆಟ್ (ಡೇಟಾದ ಒಂದು ತುಣುಕು) 300 ಮಿಲಿಸೆಕೆಂಡ್ ಕಾಯಲೇಬೇಕು. ಕೌಂಟರಿನಲ್ಲಿ ಮುಂದೆ ನಿಂತವನು ಮೂಟೆಗಟ್ಟಲೆ ಸಾಮಾನು ಇಳಿಸುತ್ತಿದ್ದರೆ ಹಿಂದೆ ಒಂದು ಚೀಟಿ ಹಿಡಿದು ನಿಂತವನೂ ಅಷ್ಟೇ ಹೊತ್ತು ಕಾಯಬೇಕಲ್ವಾ, ಹಾಗೆ. ಗೇಮ್‌ನ ಪ್ಯಾಕೆಟ್ ಆ ಚೀಟಿಯವನು.

ಈಗ ರೂಟರ್‌ನ ಕ್ಯೂಓಎಸ್ ಪುಟದ ವಿಷಯ, ಅಂದರೆ ಯಾರ ಡೇಟಾ ಮೊದಲು ಹೋಗಬೇಕು ಅಂತ ಹೇಳುವ ಸೆಟ್ಟಿಂಗ್. ಬಹಳಷ್ಟು ರೂಟರ್‌ಗಳಲ್ಲಿ ಸಾಧನಗಳ ಪಟ್ಟಿ ಇರುತ್ತದೆ, ಒಂದನ್ನು ಹಿಡಿದು ‘ಹೈ’ ಮಾಡಬಹುದು. ನಾನು ಗೇಮಿಂಗ್ ಪಿಸಿಯನ್ನು ಹೈ ಮಾಡಿ ಅದೇ ಪಿಂಗ್ ಪರೀಕ್ಷೆ ನಡೆಸಿದೆ. 300 ಇದ್ದದ್ದು 280 ಆಯಿತು, ಅಷ್ಟೇ. ಕಾರಣ ಇಷ್ಟು: ರೂಟರ್‌ನಿಂದ ಮೋಡೆಮ್‌ಗೆ ಗಿಗಾಬಿಟ್ ಕೇಬಲ್, ಮೋಡೆಮ್‌ನಿಂದ ಹೊರಗೆ ಬರೀ 20. ರೂಟರ್ ಬಂದದ್ದನ್ನೆಲ್ಲ ಆ ಕ್ಷಣವೇ ಮೋಡೆಮ್‌ಗೆ ತಳ್ಳಿಬಿಡುತ್ತದೆ, ಅದರ ಹತ್ತಿರ ಸಾಲೇ ಇರುವುದಿಲ್ಲ. ಸಾಲು ಇರುವುದು ಮೋಡೆಮ್‌ನಲ್ಲಿ, ಅಲ್ಲಿ ನಮ್ಮ ಪ್ರಯಾರಿಟಿಯನ್ನು ಕೇಳುವವರಿಲ್ಲ. ಇಷ್ಟಕ್ಕೂ ಇಡೀ ಪಿಸಿಗೆ ಪ್ರಯಾರಿಟಿ ಕೊಡುವುದು ನನಗೆ ಸರಿ ಕಾಣುವುದಿಲ್ಲ. 50 ಜಿಬಿ ಗೇಮ್ ಅಪ್‌ಡೇಟ್ ಬರುವುದೂ ಅದೇ ಪಿಸಿಗೆ. ಆಗ ಅಕ್ಕನ ಮೀಟಿಂಗ್ ಕಥೆ ಮುಗಿಯಿತು.

ಹಾಗಾಗಿ ಮಾಡಬೇಕಾದ್ದು ಆ ಸಾಲನ್ನು ಮೋಡೆಮ್‌ನಿಂದ ರೂಟರ್‌ಗೆ ಎಳೆದು ತರುವುದು. ಅದಕ್ಕೆ ಇರುವ ದಾರಿ ಒಂದೇ, ಲೈನ್ ಎಷ್ಟು ಹೊರುತ್ತದೋ ಅದಕ್ಕಿಂತ ಸ್ವಲ್ಪ ಕಡಿಮೆ ವೇಗದಲ್ಲಿ ರೂಟರೇ ಕಳಿಸುವ ಹಾಗೆ ಕಟ್ಟಿಹಾಕುವುದು.

ನನ್ನ ರೂಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ನ ಮೂಲ ಸಾಫ್ಟ್‌ವೇರ್ ಬದಲು ಹಾಕಬಹುದಾದ ಉಚಿತ ಸಾಫ್ಟ್‌ವೇರ್) ಹಾಕಲು ಬರುತ್ತಿತ್ತು. ಹಾಕಿ, ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಅನ್ನುವ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದೆ. ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಇಂಟರ್‌ಫೇಸ್ (ಇಂಟರ್ನೆಟ್ ಕಡೆಯ ಸಂಪರ್ಕ) ಆರಿಸಿ ಡೌನ್‌ಲೋಡ್ ಜಾಗದಲ್ಲಿ 85000, ಅಪ್‌ಲೋಡ್ ಜಾಗದಲ್ಲಿ 17000 ಬರೆದೆ. ಅಲ್ಲಿ ಕೇಳುವುದು ಕಿಲೋಬಿಟ್‌ನಲ್ಲಿ, ಮೆಗಾಬಿಟ್ ಅಂದುಕೊಂಡು 85 ಅಂತ ಬರೆದರೆ ನೆಟ್ ತೆವಳುತ್ತದೆ, ಸೊನ್ನೆ ಬರೆದರೆ ಆ ಕಡೆಗೆ ಮಿತಿಯೇ ಇಲ್ಲ ಅಂತ ಅರ್ಥ. ಈ ಸಂಖ್ಯೆಗಳನ್ನು ಪ್ಲಾನ್ ನೋಡಿ ಬರೆಯಬೇಡಿ. ಎಸ್‌ಕ್ಯೂಎಂ ಆಫ್ ಇಟ್ಟು, ಜನ ಜಾಸ್ತಿ ಬಳಸುವ ರಾತ್ರಿ ಹೊತ್ತಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, ಸಿಕ್ಕಿದ್ದರಲ್ಲಿ ಕಡಿಮೆಯದ್ದನ್ನು ಹಿಡಿದು, ಅದರ 90 ಶೇಕಡಾದಿಂದ ಶುರು ಮಾಡಿ. ನನ್ನ ಅಪ್‌ಲೋಡ್ 19ರ ಹತ್ತಿರ ಬಂತು, ಹಾಗಾಗಿ 17. ಡೌನ್‌ಲೋಡನ್ನು ಇನ್ನೂ ಸ್ವಲ್ಪ ಜಾಸ್ತಿ ಇಳಿಸಬೇಕಾಯಿತು. ಆ ಕಡೆಯ ಸಾಲು ಕಂಪನಿಯವರ ಹತ್ತಿರ ನಿಂತಿರುತ್ತದೆ, ನಮ್ಮ ರೂಟರ್ ಒಂದೆರಡು ಪ್ಯಾಕೆಟ್ ಬೀಳಿಸಿ ಕಳಿಸುವವನಿಗೆ ‘ನಿಧಾನ’ ಅಂತ ಸುಳಿವು ಕೊಡಬಹುದೇ ಹೊರತು ಬೇರೇನೂ ಮಾಡಲಾಗದು.

ಸಾಲನ್ನು ಹೇಗೆ ನಡೆಸಬೇಕು ಅನ್ನುವ ಕ್ಯೂ ವಿಧಾನದ ಜಾಗದಲ್ಲಿ ಕೇಕ್ ಅನ್ನುವುದನ್ನು ಆರಿಸಿದೆ. ಇದು 2018ರಲ್ಲಿ ಲಿನಕ್ಸ್ ಕರ್ನಲ್ 4.19ಕ್ಕೆ ಸೇರಿದ್ದು. ಇದರ ಬೇರು 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ತಂದ ಕೋಡೆಲ್‌ನಲ್ಲಿದೆ. ಸಾಲು ಎಷ್ಟು ಉದ್ದ ಅಂತ ಅದು ಕೇಳುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ನೋಡುತ್ತದೆ. ಸಾಮಾನ್ಯವಾಗಿ 5 ಮಿಲಿಸೆಕೆಂಡಿನ ಗುರಿ. ಕೇಕ್ ಇದರ ಮೇಲೆ ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ, ಆಗೊಮ್ಮೆ ಈಗೊಮ್ಮೆ ಪುಟ್ಟ ಪ್ಯಾಕೆಟ್ ಕಳಿಸುವವರನ್ನು ಮುಂದೆ ಬಿಡುತ್ತದೆ. ಗೇಮ್ ಇರುವುದೇ ಹಾಗೆ, ಮೀಟಿಂಗ್‌ನ ಧ್ವನಿಯೂ ಹಾಗೆಯೇ. ‘ಇದು ಗೇಮ್, ಇದಕ್ಕೆ ದಾರಿ ಬಿಡು’ ಅಂತ ನಾನು ಎಲ್ಲೂ ಬರೆಯಲಿಲ್ಲ. ನನ್ನ ಪ್ರಯಾರಿಟಿ ಪಟ್ಟಿ ಇವತ್ತಿಗೂ ಖಾಲಿ.

ಹೆಚ್ಚುವರಿಯಾಗಿ ಬರೆದದ್ದು ಇಷ್ಟೇ. ಅಡ್ವಾನ್ಸ್‌ಡ್ ಆಯ್ಕೆಯಲ್ಲಿ ಅಪ್‌ಲೋಡ್‌ಗೆ ‘ನ್ಯಾಟ್ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್’, ಡೌನ್‌ಲೋಡ್‌ಗೆ ‘ನ್ಯಾಟ್ ಡ್ಯುಯಲ್-ಡಿಎಸ್‌ಟಿಹೋಸ್ಟ್’, ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ. ಇದರಿಂದ ಪಾಲು ಮೊದಲು ಸಾಧನಗಳ ನಡುವೆ ಹಂಚಿಕೆಯಾಗುತ್ತದೆ. ಟೊರೆಂಟ್‌ನಂಥದ್ದು ನೂರು ಸಂಪರ್ಕ ತೆರೆದರೂ ಅದು ಒಂದು ಸಾಧನದ ಪಾಲನ್ನೇ ತಿನ್ನಬೇಕು. ಹಂಚಿ ಬಾಳುವ ಮನೆಗೆ ಇದಕ್ಕಿಂತ ನ್ಯಾಯವಾದ ಸೆಟ್ಟಿಂಗ್ ನಾನು ಕಂಡಿಲ್ಲ.

ಮತ್ತೆ ಅದೇ ವಿಡಿಯೋ ಫೈಲ್ ಅಪ್‌ಲೋಡ್‌ಗೆ ಬಿಟ್ಟೆ. 15, 17, 21, 18, 19. ಅಪ್‌ಲೋಡ್ ಪೂರ್ತಿ ಮುಗಿಯುವವರೆಗೂ 25 ದಾಟಲಿಲ್ಲ.

ಅಪ್ಪ ಸ್ಪೀಡ್ ಟೆಸ್ಟ್ ಹಿಡಿದುಕೊಂಡು ಬಂದರು. ‘ನೂರರ ಪ್ಲಾನ್ ಅಲ್ವೇನೋ, ಎಂಬತ್ತು ಚಿಲ್ಲರೆ ತೋರಿಸ್ತಿದೆ?’

‘ನಾನೇ ಇಳಿಸಿದ್ದು ಅಪ್ಪಾ. ಟಿವಿ ಎಲ್ಲಾದ್ರೂ ನಿಂತಿತಾ ಹೇಳಿ?’

ನಿಂತಿರಲಿಲ್ಲ. 4ಕೆ ಸ್ಟ್ರೀಮ್‌ಗೆ 15ರಿಂದ 25 ಎಂಬಿಪಿಎಸ್ ಸಾಕು, 100 ಮತ್ತು 85ರ ವ್ಯತ್ಯಾಸ ಕಾಣುವುದು ಸ್ಪೀಡ್ ಟೆಸ್ಟ್‌ನ ಮುಳ್ಳಿಗೆ ಮಾತ್ರ.

ಒಂದೆರಡು ಕಡೆ ಹುಷಾರು. ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್ ಆನ್ ಇದ್ದರೆ ಆಫ್ ಮಾಡಿ. ಅದು ಪ್ಯಾಕೆಟ್‌ಗಳನ್ನು ಬೇರೆ ದಾರಿಯಲ್ಲಿ ದಾಟಿಸಿಬಿಡುತ್ತದೆ, ಎಸ್‌ಕ್ಯೂಎಂ ಕಣ್ಣಿಗೆ ಬೀಳುವುದೇ ಇಲ್ಲ. ಆಫ್ ಮಾಡಿದ ಮೇಲೆ ಪೂರ್ತಿ ಭಾರ ರೂಟರ್‌ನ ಪ್ರೊಸೆಸರ್ ಮೇಲೆ. ಹಳೆಯ ರೂಟರ್, ವೇಗದ ಲೈನ್ ಇದ್ದರೆ ನೀವು ಬರೆದ ಮಿತಿಗಿಂತಲೂ ತುಂಬಾ ಕೆಳಗೆ ವೇಗ ಬಿದ್ದುಹೋಗಬಹುದು. ಹಾಗಾದರೆ ಅಪ್‌ಲೋಡ್ ಕಡೆಗಷ್ಟೇ ಎಸ್‌ಕ್ಯೂಎಂ ಇಟ್ಟುಕೊಳ್ಳಿ, ಬಹಳ ಮನೆಗಳಲ್ಲಿ ಅಸಲಿ ತೊಂದರೆ ಅಪ್‌ಲೋಡ್‌ದೇ. ಓಪನ್‌ಡಬ್ಲ್ಯೂಆರ್‌ಟಿ ಹಾಕಲು ಬರದ ರೂಟರ್ ಆದರೆ ಅದರ ಕ್ಯೂಓಎಸ್ ಪುಟದಲ್ಲೇ ಅಪ್‌ಲೋಡ್, ಡೌನ್‌ಲೋಡ್ ವೇಗ ಬರೆಯುವ ಜಾಗ ಇದೆಯಾ ನೋಡಿ. ಇದ್ದರೆ ‘ಆಟೋ’ ಬಿಟ್ಟು ನೀವು ಅಳೆದ ಸಂಖ್ಯೆಯ 90 ಶೇಕಡಾ ಬರೆಯಿರಿ.

ವೈಫೈ ಬೇರೆಯೇ ಕಥೆ. ರೂಟರ್‌ಗೆ ಹಾಕಿದ ಪಿಂಗೇ 40, 90 ಅಂತ ಕುಣಿಯುತ್ತಿದ್ದರೆ ಯಾವ ಕ್ಯೂಓಎಸ್ಸೂ ಉಪಯೋಗಕ್ಕೆ ಬಾರದು. ಪಿಸಿಗೆ ಕೇಬಲ್ ಎಳೆಯಿರಿ, ಆಗದಿದ್ದರೆ 5 ಗಿಗಾಹರ್ಟ್ಸ್‌ಗೆ ಹೋಗಿ. ಡಬ್ಲ್ಯೂಎಂಎಂ ಅನ್ನುವ ವೈಫೈ ಸೆಟ್ಟಿಂಗ್ ಕಂಡು ಇದೂ ಕ್ಯೂಓಎಸ್ ತಾನೇ ಅಂತ ಆಫ್ ಮಾಡಲು ಹೋಗಬೇಡಿ, ವೈಫೈ ವೇಗ 54 ಎಂಬಿಪಿಎಸ್‌ಗೆ ಇಳಿದುಬಿಡುತ್ತದೆ. ಇನ್ನು ಗೇಮ್ ಸರ್ವರ್ ಬೇರೆ ಖಂಡದಲ್ಲಿದ್ದು, ಲೈನ್ ಖಾಲಿ ಇದ್ದಾಗಲೇ ಪಿಂಗ್ 150 ಬರುತ್ತಿದ್ದರೆ ಅದು ದೂರದ ತಡ, ರೂಟರ್‌ನಿಂದ ಆಗುವ ಕೆಲಸವಲ್ಲ.

ಮುಂದೆ ಪ್ಲಾನ್ ಬದಲಿಸಿದರೆ ಆ ಎರಡು ಸಂಖ್ಯೆಗಳನ್ನೂ ಬದಲಿಸಬೇಕು. ಇಲ್ಲದಿದ್ದರೆ 300ಕ್ಕೆ ದುಡ್ಡು ಕಟ್ಟಿ 85ರಲ್ಲೇ ಕೂತಿರುತ್ತೀರಿ.