ಬರ್ಗೆನ್‌ಗೆ ಮೂರು ದಿನ ಕೊಡಿ: ಮಳೆಯ ಬಂದರನ್ನು ನೋಡುವ ಬಗೆ

ನಾರ್ವೆಗೆ ಹೋಗುವ ಹಲವರು ಬರ್ಗೆನ್ ಊರನ್ನು ಬಸ್ ನಿಲ್ದಾಣದಂತೆ ಬಳಸುತ್ತಾರೆ. ರಾತ್ರಿ ಬಂದು ಮಲಗಿ, ಬೆಳಿಗ್ಗೆ ಎದ್ದು ಫ್ಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕವಲು, ತೋರಿಸುವ ಹಡಗು ಹತ್ತುತ್ತಾರೆ. ಏಳು ಬೆಟ್ಟಗಳಿಗೆ ಬೆನ್ನು ಕೊಟ್ಟು ಕಡಲನ್ನು ನೋಡುತ್ತ ಕುಳಿತ ಊರಿಗೆ ಇದು ಅನ್ಯಾಯ. ಮೂರು ದಿನ ಬಿಡುವು ಮಾಡಿಕೊಂಡು ಹೋಗಿ.

ಮೊದಲು ಕಾಗದಪತ್ರ. ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಅಲ್ಲಿ ನಡೆಯುತ್ತದೆ. ಹಲವು ದೇಶ ಸುತ್ತುವುದಾದರೆ ಹೆಚ್ಚು ದಿನ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಸಲ್ಲಿಸಬಹುದು. 15 ದಿನ ಮೊದಲು ಕೊನೆಯ ಗಡುವು, ಅಲ್ಲಿಯವರೆಗೆ ಕಾಯಬೇಡಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಅಲ್ಲಿನ ಹಣ ಕ್ರೋನ. ನೋಟು ಬಳಸುವವರು ಕಡಿಮೆ, ಕಾರ್ಡ್ ಸಾಕು.

ಬಟ್ಟೆ ಕಟ್ಟುವಾಗ ಮಳೆಯನ್ನು ನೆನೆಯಿರಿ. ಬರ್ಗೆನ್‌ನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ. ಮಂಗಳೂರಿನಲ್ಲಿ ಇದಕ್ಕಿಂತ ಜಾಸ್ತಿ ಸುರಿಯುತ್ತದೆ, ಆದರೆ ನಮ್ಮಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಅಲ್ಲಿ ವರ್ಷದ 200ಕ್ಕೂ ಹೆಚ್ಚು ದಿನ ಮಳೆ. ಅಟ್ಲಾಂಟಿಕ್‌ನಿಂದ ಬರುವ ತೇವದ ಗಾಳಿ ಬೆಟ್ಟಗಳಿಗೆ ತಾಗಿ ಅಲ್ಲೇ ಮಳೆಯಾಗಿ ಇಳಿಯುತ್ತದೆ. ಗಾಳಿಯ ಮುಂದೆ ಕೊಡೆ ನಿಲ್ಲುವುದಿಲ್ಲ. ಟೋಪಿ ಇರುವ ಮಳೆ ಅಂಗಿ, ನೀರು ಹೊಗದ ಶೂ, ಒಳಗೆ ಉಣ್ಣೆ ಇಷ್ಟು ಇರಲಿ. ಮೇ, ಜೂನ್ ತಿಂಗಳುಗಳಲ್ಲಿ ಮಳೆ ತುಸು ಕಡಿಮೆ, ಬೆಳಕು ಬಲು ದೀರ್ಘ.

ಓಸ್ಲೋದಿಂದ ವಿಮಾನ ಬೇಡ, ರೈಲು ಹಿಡಿಯಿರಿ. 1909ರಲ್ಲಿ ತೆರೆದ ಈ ಹಳಿ ಸುಮಾರು ಏಳು ಗಂಟೆಯಲ್ಲಿ ನಿಮ್ಮನ್ನು ಕಾಡು, ಸರೋವರ, ಬೋಳು ಪ್ರಸ್ಥಭೂಮಿ ದಾಟಿಸುತ್ತದೆ. 1,222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣದಲ್ಲಿ ಹಿಮ ಕಂಡು, ಕೆಲವೇ ಗಂಟೆಗಳಲ್ಲಿ ಕಡಲ ಮಟ್ಟಕ್ಕೆ ಇಳಿಯುತ್ತೀರಿ. ಮುಂಚೆಯೇ ಕಾಯ್ದಿರಿಸಿದರೆ ಟಿಕೆಟ್ ಅಗ್ಗ.

ಮೊದಲ ದಿನ ಪೂರ್ತಿ ಬ್ರಿಗ್ಗೆನ್‌ಗೆ ಮೀಸಲಿಡಿ. ಬಂದರಿನ ದಂಡೆಯಲ್ಲಿ ಕೆಂಪು, ಹಳದಿ ಬಣ್ಣದ ಮರದ ಮನೆಗಳ ಸಾಲು, 1979ರಿಂದ ಯುನೆಸ್ಕೊ ಪಾರಂಪರಿಕ ತಾಣ. ಎಲ್ಲರೂ ಎದುರು ನಿಂತು ಚಿತ್ರ ತೆಗೆದುಕೊಂಡು ಹೊರಡುತ್ತಾರೆ. ನೀವು ಮನೆಗಳ ನಡುವಿನ ಓಣಿಯೊಳಗೆ ಹೋಗಿ. ಕಾಲಡಿ ಹಲಗೆ, ತಲೆಯ ಮೇಲೆ ಹೊರಚಾಚಿದ ಮೊಗಸಾಲೆ, ಒಂದಕ್ಕೊಂದು ವಾಲಿದ ಗೋಡೆಗಳು. 14ನೇ ಶತಮಾನದಲ್ಲಿ ಇಲ್ಲಿ ನೆಲೆಯೂರಿದ ಹ್ಯಾನ್ಸಿಯಾಟಿಕ್ ಎಂಬ ವ್ಯಾಪಾರಿ ಊರುಗಳ ಒಕ್ಕೂಟದ ಜರ್ಮನ್ ವರ್ತಕರು ಧಾನ್ಯ ತಂದು, ಉತ್ತರ ನಾರ್ವೆಯ ಒಣಮೀನು ಕೊಂಡು ಯುರೋಪಿಗೆ ಮಾರುತ್ತಿದ್ದರು. ನಮ್ಮ ಕರಾವಳಿಯ ಒಣಮೀನಿನ ಹಾಗೆ ಇದಕ್ಕೆ ಉಪ್ಪು ಹಾಕುವುದಿಲ್ಲ, ತಣ್ಣನೆಯ ಗಾಳಿಯೇ ಒಣಗಿಸುತ್ತದೆ. ಬೆಂಕಿಯ ಭಯಕ್ಕೆ ಈ ಮನೆಗಳಲ್ಲಿ ಒಲೆ ಹಚ್ಚುವಂತಿರಲಿಲ್ಲ. ಆ ಚಳಿಯಲ್ಲಿ ಮದುವೆಯಿಲ್ಲದೆ ಬದುಕಬೇಕಿದ್ದ ವರ್ತಕರು, ಕೆಲಸದ ಹುಡುಗರು ಬೆಚ್ಚಗಾಗಲು ಪ್ರತ್ಯೇಕ ಸಭಾಗೃಹಗಳಿಗೆ ಹೋಗುತ್ತಿದ್ದರು. ಅಷ್ಟು ಎಚ್ಚರವಿದ್ದೂ 1702ರಲ್ಲಿ ಎಲ್ಲ ಸುಟ್ಟುಹೋಯಿತು. ಹಳೆಯ ಅಡಿಪಾಯದ ಮೇಲೆಯೇ, ಹಳೆಯ ಕ್ರಮದಲ್ಲೇ ಮತ್ತೆ ಕಟ್ಟಿದರು.

1955ರ ಇನ್ನೊಂದು ಬೆಂಕಿ ನೆಲದಡಿಯ ಊರನ್ನು ತೆರೆದಿಟ್ಟಿತು. ಆಮೇಲೆ ನಡೆದ ಅಗೆತದಲ್ಲಿ ರೂನ್ ಎಂಬ ಉತ್ತರ ಯುರೋಪಿನ ಹಳೆಯ ಲಿಪಿಯ ನೂರಾರು ಬರಹಗಳು ಸಿಕ್ಕವು. ಒಂದು ಕಡ್ಡಿಯ ಮೇಲೆ, "ಗೀಡಾ ಹೇಳುತ್ತಾಳೆ, ನೀನು ಮನೆಗೆ ಹೋಗು" ಎಂದಿದೆ. ಪಕ್ಕದ ಬ್ರಿಗ್ಗೆನ್ ವಸ್ತುಸಂಗ್ರಹಾಲಯವನ್ನು ಆ ಅಗೆತದ ಜಾಗದಲ್ಲೇ ಕಟ್ಟಿದ್ದಾರೆ. ಮಳೆ ಜೋರಾದಾಗ ಒಳಗೆ ಹೋಗಿ, ಅವಸರ ಮಾಡಬೇಡಿ.

ಎರಡನೆಯ ದಿನ ಫ್ಲೋಯನ್ ಬೆಟ್ಟ. ಮೀನುಪೇಟೆಯ ಹತ್ತಿರದಿಂದಲೇ ಉಕ್ಕಿನ ಹಗ್ಗ ಎಳೆಯುವ 1918ರ ರೈಲು ಕೆಲವೇ ನಿಮಿಷಗಳಲ್ಲಿ 320 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಸಮಯ ಗೊತ್ತುಮಾಡಿಕೊಳ್ಳಬೇಡಿ, ಮೋಡ ಸರಿದ ಕೂಡಲೇ ಹೊರಡಿ. ಇಳಿಯುವಾಗ ಕಾಡುದಾರಿಯಲ್ಲಿ ನಡೆದುಬನ್ನಿ, ಮುಕ್ಕಾಲು ಗಂಟೆ ಸಾಕು.

ಊಟ ದುಬಾರಿ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲಿ ಕೊಳ್ಳಬೇಡಿ. ಸಸ್ಯಾಹಾರಿಗಳಿಗೆ ದಾಲ್ಚಿನ್ನಿಯ ಸ್ಕಿಲ್ಲಿಂಗ್ಸ್‌ಬೋಲ್ಲೆ ಬನ್ನು, ಬ್ರೆಡ್ಡಿನ ಮೇಲೆ ಸಿಹಿಯಾದ ಕಂದು ಚೀಸ್ ಒಳ್ಳೆಯ ಆಸರೆ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ಕೊಂಡಿಡಿ.

ಕೊನೆಯ ದಿನ ಟ್ರೋಲ್ಡ್‌ಹೌಗೆನ್. ಇದೇ ಊರಿನಲ್ಲಿ 1843ರಲ್ಲಿ ಹುಟ್ಟಿದ ಸಂಗೀತಗಾರ ಎಡ್ವರ್ಡ್ ಗ್ರೀಗ್ ಅವರ ಮನೆ ಅದು. ನೀರಿನಂಚಿನ ಪುಟ್ಟ ಗುಡಿಸಲಿನಲ್ಲಿ ಕುಳಿತು ಅವರು ಸಂಗೀತ ರಚಿಸುತ್ತಿದ್ದರು. ಅವರ ಚಿತಾಭಸ್ಮವೂ ಅಲ್ಲೇ ಬಂಡೆಯೊಳಗಿದೆ. ಪೇಟೆಯಿಂದ ಟ್ರಾಮ್ ಹಿಡಿದು ಹೋಪ್ ನಿಲ್ದಾಣದಲ್ಲಿ ಇಳಿದು ಸುಮಾರು ಎರಡು ಕಿಲೋಮೀಟರ್ ನಡೆಯಬೇಕು. ಅದೇ ಟ್ರಾಮ್ ಮುಂದೆ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಚೀಲ ಹಗುರವಾಗಿದ್ದರೆ ಮತ್ತೆ ಪೇಟೆಗೆ ಮರಳುವ ಅಗತ್ಯವಿಲ್ಲ.