ಹುಲ್ಲು ನೋಡಿ ಗುಹೆ ಹುಡುಕಿದ್ದು: ನನ್ನ ಅನುಭವ

ಮಂಜೇಶ್ವರ ತಾಲೂಕಿನ ಒಂದು ಪದವು, ಅಂದರೆ ಗುಡ್ಡದ ಮೇಲಿನ ಬಯಲು. ಹೆಸರು ಬೇಡ, ನಿಧಿ ಹುಡುಕುವವರ ಕಾಟ ಜಾಸ್ತಿ. ಅಲ್ಲಿ ನೀರಿನ ಪೈಪ್ ಹಾಕುವ ಮೊದಲು, ನೆಲದಡಿ ಹಳೆ ಕಾಲದ ಸಮಾಧಿ ಗುಹೆ ಇದೆಯೇ ಎಂದು ನೋಡಿ ಕೊಡುವ ಕೆಲಸ ನನಗೆ ಬಂತು. ಲೈನು ಸುಮಾರು 14 ಕಿ.ಮೀ. ಹುಲ್ಲು ನೋಡಿ ಹೇಳುತ್ತೇನೆ ಎಂದಾಗ ಗುತ್ತಿಗೆದಾರರ ಎಂಜಿನಿಯರ್, "ದನ ಮೇಯಿಸಲಿಕ್ಕೆ ಬಂದದ್ದಾ?" ಎಂದು ನಕ್ಕರು.

ಅವರ ಬಾಯಿ ಮುಚ್ಚಿಸಲು, ನೆಲದೊಳಗೆ ಅಲೆ ಬಿಟ್ಟು ನೋಡುವ ರಾಡಾರ್ ಬಾಡಿಗೆಗೆ ತಂದೆ. ಎರಡು ದಿನಕ್ಕೆ 45 ಸಾವಿರದ ಹತ್ತಿರ ಹೋಯಿತು. ಮಳೆ ಬಿಟ್ಟು ಹೆಚ್ಚು ದಿನ ಆಗಿರಲಿಲ್ಲ. ಕಲ್ಲಿನೊಳಗಿನ ಒದ್ದೆ ಜೇಡಿಯಲ್ಲಿ ಅಲೆ ಒಂದೆರಡು ಅಡಿ ಇಳಿಯುವಷ್ಟರಲ್ಲಿ ಸತ್ತೇ ಹೋಯಿತು. ನೆಲದ ಕಾಂತತೆ ಅಳೆಯುವ ಮ್ಯಾಗ್ನೆಟೋಮೀಟರ್ ಕಥೆ ಕೇಳುವುದೇ ಬೇಡ. ಇಲ್ಲಿನ ಕೆಂಪು ಕಲ್ಲು, ಅಂದರೆ ಮುರಕಲ್ಲು, ಅದರ ತುಂಬ ಕಬ್ಬಿಣ ಅಲ್ವಾ, ಬರೀ ಗದ್ದಲ.

ಮತ್ತೆ ಹುಲ್ಲಿಗೇ ಬಂದೆ. ಪದವಿನಲ್ಲಿ ಮಣ್ಣು ನಾಲ್ಕು ಬೆರಳು ಅಷ್ಟೇ, ಮಳೆ ನಿಂತರೆ ಮುಳಿಹುಲ್ಲು ಬೇಗ ಒಣಗುತ್ತದೆ. ಆದರೆ ಹಿಂದಿನವರು ಮುರಕಲ್ಲು ಕಡಿದು ಗುಹೆ ಮಾಡುವಾಗ ಬಾಗಿಲ ಮುಂದೆ ಅಂಗಳದ ಹಾಗೆ ತೋಡುತ್ತಿದ್ದರು. ಅದು ಮಣ್ಣು ತುಂಬಿ ಮುಚ್ಚಿದ್ದರೂ ಪಸೆ ನಿಲ್ಲುತ್ತದೆ. ಸುತ್ತ ಕೆಂಚಾದಾಗ ಆ ಚೌಕ ಮಾತ್ರ ಹಸಿರು. ಬೆಳಗಿನ ಓರೆ ಬಿಸಿಲಲ್ಲಿ 5 ಮೀಟರ್ ಸಾಲಿನಲ್ಲಿ ನಡೆದೆ. ಯಾವ ವಾರ ನಡೆಯಬೇಕು ಎನ್ನುವುದು ನನ್ನ ಹೊಟ್ಟೆಯಲ್ಲೇ ಇರಲಿ.

ಹನ್ನೊಂದು ಹಸಿರು ಕಲೆ ಸಿಕ್ಕಿದವು. ಒಂಬತ್ತು, ಕಲ್ಲು ಕಡಿದು ತೆಗೆದ ಹಳೆ ಕೋರೆ. ಒಂದರಲ್ಲಿ ಯಾರೋ ದನ ಹೂತಿದ್ದರು. ಎಂಜಿನಿಯರಿಗೆ ಅದನ್ನು ಹೇಳಲಿಲ್ಲ.

ನಡುವೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಹಾರೆಯಿಂದ ಕುಟ್ಟಿ, ಪಿವಿಸಿ ಪೈಪಿಗೆ ಕಿವಿಕೊಟ್ಟು ಕೇಳುವುದು. ಒಂದು ಕಡೆ ಚೆನ್ನಾಗಿ ಟೊಳ್ಳು ಸದ್ದು ಬಂತು. ನಾಲ್ಕು ಆಳಿನ ಸಂಬಳ ಹೋದ ಮೇಲೆ ಕೆಳಗಿನ ತೋಟದವರು ಬಂದು, ಅದು ತಮ್ಮ ಅಜ್ಜ ಕೊರೆಸಿದ ನೀರಿನ ಸುರಂಗ ಎಂದು ಬೈದರು.

ಹನ್ನೊಂದನೆಯದು ಮಾತ್ರ ಸರಿ ಬಿತ್ತು. ಹಸಿರು ಚೌಕದಿಂದ ನಾಲ್ಕು ಹೆಜ್ಜೆ ಆಚೆ, ಮುಳಿಯ ಬುಡದಲ್ಲಿ ಒಂದು ಚಪ್ಪಡಿ. ಅದರ ಅಂಚಿನ ಸಂದಿಯಲ್ಲಿ ಮೊಬೈಲ್ ಟಾರ್ಚ್ ಇಳಿಸಿದೆ. ಗುಮ್ಮಟದ ಹಾಗೆ ಕಡಿದ ಗೋಡೆ, ಉಳಿಯ ಗೆರೆ ಇನ್ನೂ ಹಾಗೇ ಇದೆ. ನೆಲದಲ್ಲಿ ಅರ್ಧ ಹೂತ ಮಡಕೆ, ಬಾಯಿ ಕಪ್ಪು, ಹೊಟ್ಟೆ ಕೆಂಪು. ನಾನು ಒಳಗೆ ಇಳಿಯಲಿಲ್ಲ. ಫೋಟೋ ಹೊಡೆದು, ಸಂದಿ ಮುಚ್ಚಿ, ಪುರಾತತ್ವ ಇಲಾಖೆಗೆ ಬರೆದೆ.

ಲೈನು 30 ಮೀಟರ್ ಆಚೆ ಹೋಯಿತು. ಎಂಜಿನಿಯರ್ ಈಗ ತಾವೇ ಫೋನು ಮಾಡಿ, "ಹುಲ್ಲು ಯಾವಾಗ ನೋಡ್ತೀರಿ?" ಎಂದು ಕೇಳುತ್ತಾರೆ. ಹಳೆ ಬಿಲ್ಲಿನ ಬಾಕಿ 18 ಸಾವಿರದ ಮಾತು ಎತ್ತುವುದಿಲ್ಲ.