ಕಿಸೆಯಲ್ಲಿ 15 ಗ್ರಾಂ ಬೆಲ್ಲ

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು. ಸಕ್ಕರೆ ಕಾಯಿಲೆಯಿಂದಾಗಿ 11 ವರ್ಷಗಳಿಂದ ನಾನು ಅದರಲ್ಲಿ ನೀರನ್ನಷ್ಟೇ ಮುಟ್ಟುವವನು. ಅಂಥವನು ಅಕ್ಟೋಬರಿನ ಒಂದು ಸಂಜೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಜಿನಸಿನ ಅಂಗಡಿಯಲ್ಲಿ ನಿಂತು ಬೆಲ್ಲವನ್ನು 15 ಗ್ರಾಮಿನ ತುಂಡುಗಳಾಗಿ ತೂಗಿಸಿಕೊಂಡೆ. ಅಂಗಡಿಯವರು ತಕ್ಕಡಿ ಬಿಟ್ಟು ನನ್ನ ಮುಖ ನೋಡಿದರು.

ಕಾರಣ ಸೈಕಲ್. ಜನವರಿ 15 ಕೇರಳದಲ್ಲಿ ಪಾಲಿಯೇಟಿವ್, ಅಂದರೆ ನೋವು ತಗ್ಗಿಸುವ ಆರೈಕೆಯ ದಿನ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ನಮ್ಮೂರಿನ ತಂಡ ಊರವರ ದುಡ್ಡಿನಿಂದಲೇ ನಡೆಯುತ್ತದೆ. ಅದಕ್ಕೆ ಏರ್ ಬೆಡ್, ಅಂದರೆ ಗಾಳಿ ತುಂಬುವ ಹಾಸಿಗೆ ಕೊಳ್ಳಲು ಬದಿಯಡ್ಕದಿಂದ ಚೆರ್ಕಳ, ಕಾಸರಗೋಡು ದಾಟಿ ಬೇಕಲ ಕೋಟೆಯವರೆಗೆ ಹೋಗಿ ಬರುವ ಸೈಕಲ್ ಸವಾರಿ ಎಂದು ನಿಶ್ಚಯವಾಯಿತು. ಎಪ್ಪತ್ತು ಕಿಲೋಮೀಟರಿಗೆ ಚೂರು ಹೆಚ್ಚುಕಡಿಮೆ. ನನ್ನ ಅಪ್ಪ ಕೊನೆಯ ಎಂಟು ತಿಂಗಳು ಮಲಗಿದ್ದು ಅವರು ಕೊಟ್ಟ ಏರ್ ಬೆಡ್ಡಿನ ಮೇಲೆ. ಭಾವ ತನ್ನ ಹೆಸರು ಕೊಡುವಾಗ ಕೇಳದೆ ನನ್ನದನ್ನೂ ಸೇರಿಸಿ ಬಂದಿದ್ದ. ಬಯ್ಯಲು ಬಾಯಿ ಬರಲಿಲ್ಲ.

ಮೊದಲು ಡಾಕ್ಟರರ ಹತ್ತಿರ ಹೋದೆ. ಇಸಿಜಿ, ಕಣ್ಣಿನ ಅಕ್ಷಿಪಟಲ, ಪಾದದ ಸ್ಪರ್ಶ ಎಲ್ಲವನ್ನೂ ನೋಡಿದ ಮೇಲೆ ಅವರು ಮಲಯಾಳದಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದುಕೊಂಡೆ. “ಇಷ್ಟು ವರ್ಷ ಸಕ್ಕರೆ ಏರುವುದಕ್ಕೆ ಹೆದರಿದಿರಿ. ಸೈಕಲ್ ಮೇಲೆ ಇಳಿಯುವುದಕ್ಕೆ ಹೆದರಿ.” ನಾನು ನುಂಗುವ ಗ್ಲಿಮೆಪಿರೈಡ್ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ನಾನು ಗುಡ್ಡ ಹತ್ತುತ್ತಿದ್ದೇನೆಂದು ಅದಕ್ಕೆ ಗೊತ್ತಾಗುವುದಿಲ್ಲ. ಇನ್ನೊಂದು ಕಡೆಯಿಂದ ಕಾಲಿನ ಸ್ನಾಯುಗಳೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಹಾಗಾಗಿ ದೂರದ ಸವಾರಿಯ ದಿನ ಬೆಳಗಿನ ಆ ಮಾತ್ರೆಯನ್ನು ಅರ್ಧ ಮಾಡಿದರು. ಹೊರಡುವ ಮೊದಲು ರಕ್ತದ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಬೇಕು, 250 ದಾಟಿದ್ದರೆ ಆ ದಿನ ರಜೆ. 70ರ ಕೆಳಗಿಳಿದರೆ 15 ಗ್ರಾಂ ಸಕ್ಕರೆ ತಿಂದು, 15 ನಿಮಿಷ ಕುಳಿತು, ಮತ್ತೆ ಪರೀಕ್ಷಿಸಬೇಕು. ಇದು ನನ್ನ ಔಷಧಿಗೆ ತಕ್ಕ ಲೆಕ್ಕ. ಬೇರೆಯವರು ತಮ್ಮ ಡಾಕ್ಟರರನ್ನೇ ಕೇಳಬೇಕು.

ಗ್ಲೂಕೋಸ್ ಪುಡಿ ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ ಎಂದೂ ಹೇಳಿದ್ದರು. ಎರಡನೆಯ ದಿನವೇ ಪೊಟ್ಟಣ ಕಿಸೆಯಲ್ಲಿ ಒಡೆದು ಇರುವೆಗಳಿಗೆ ಹಬ್ಬವಾಯಿತು. ಬೆಲ್ಲವೂ ನಡೆಯುತ್ತದೆ, ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ ಎಂದರು. ಅಂಗಡಿಯ ತಕ್ಕಡಿಯ ಕಥೆ ಹಾಗೆ ಆದದ್ದು.

ಮಗಳು ಬಿಟ್ಟುಹೋದ ಸೈಕಲಿನಲ್ಲಿ ಮೊದಲು ನೀರ್ಚಾಲಿನವರೆಗೆ, ಆಮೇಲೆ ಸೀತಾಂಗೋಳಿ, ನವೆಂಬರಿನಲ್ಲಿ ಕುಂಬಳೆ. ಬೆಳಿಗ್ಗೆ ಐದೂವರೆಗೆ ಕುಚ್ಚಿಲಕ್ಕಿ ಗಂಜಿ, ಒಂದು ಚೂರು ಮಾವಿನ ಮಿಡಿ. ನೀರುದೋಸೆ ತಿಂದ ದಿನ ಸಕ್ಕರೆ ಥಟ್ಟನೆ ಏರಿ ಅರ್ಧ ದಾರಿಯಲ್ಲೇ ಕುಸಿಯುತ್ತಿತ್ತು. ಗಂಜಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಹೊರಡುವಾಗ 142, ಬಂದಾಗ 98 ಎಂದು ಹಳೆಯ ಡೈರಿಯಲ್ಲಿ ಬರೆಯುತ್ತಿದ್ದೆ. ಒಮ್ಮೆ ಕಡಿದಾದ ಏರು ಹತ್ತಿ ನೋಡಿದರೆ 138 ಇದ್ದದ್ದು 171! ಸಕ್ಕರೆ ಅಳೆಯುವ ಮೀಟರು ಕೆಟ್ಟಿದೆ ಎಂದುಕೊಂಡೆ. ಮೈಗೆ ಥಟ್ಟನೆ ಜೋರು ಕೆಲಸ ಬಿದ್ದಾಗ ಯಕೃತ್ತೇ ತನ್ನ ದಾಸ್ತಾನಿನಿಂದ ಸಕ್ಕರೆ ಬಿಡುತ್ತದಂತೆ.

ಮೀಟರು ನಿಜವಾಗಿ ಸುಳ್ಳು ಹೇಳಿದ್ದು ಡಿಸೆಂಬರಿನಲ್ಲಿ. ಸೀತಾಂಗೋಳಿಯ ಹತ್ತಿರ ಕೈ ನಡುಗಿತು, ಹಣೆಯಲ್ಲಿ ತಣ್ಣನೆಯ ಬೆವರು. ಗಾಬರಿಯಲ್ಲಿ ಮೊದಲು ಬೆಲ್ಲದ ಕಾಗದ ಬಿಡಿಸಿದೆ. ಆಮೇಲೆ ನಿಯಮ ನೆನಪಾಗಿ ಅದನ್ನು ಹಾಗೇ ಇಟ್ಟು ಬೆರಳು ಚುಚ್ಚಿದೆ. 268! ಅಂದರೆ ಬೆಲ್ಲ ತಿನ್ನಲೇಬಾರದು. ಆದರೆ ಮೈ ಬೇರೆಯೇ ಹೇಳುತ್ತಿತ್ತು. ಮೋರಿಕಟ್ಟೆಯ ಮೇಲೆ ಕುಳಿತು ಬೆರಳನ್ನು ನೋಡಿದೆ. ಕಂದು ಬಣ್ಣದ ಒಂದು ಅಂಟು ತುದಿಯಲ್ಲಿ ಹೊಳೆಯುತ್ತಿತ್ತು. ಮೀಟರು ಅಳೆದದ್ದು ಬೆಲ್ಲವನ್ನು, ನನ್ನನ್ನಲ್ಲ. ಬಾಟಲಿಯ ನೀರಿನಲ್ಲಿ ತೊಳೆದು, ಅಂಗಿಯ ಒಳಮೈಗೆ ಒರೆಸಿ, ಮತ್ತೆ ಚುಚ್ಚಿದೆ. 61. ಆ ಬೆಲ್ಲದ ತುಂಡನ್ನು ತಿಂದಷ್ಟು ಭಕ್ತಿಯಿಂದ ನಾನು ಮಧೂರು ಗಣಪತಿಯ ಅಪ್ಪದ ಪ್ರಸಾದವನ್ನೂ ತಿಂದಿಲ್ಲ. ಅಂದಿನಿಂದ ಬೆಲ್ಲ ಎಡಗಿಸೆಯಲ್ಲಿ, ಮೀಟರು ಬಲಗಿಸೆಯಲ್ಲಿ, ಬೆರಳು ತೊಳೆಯಲು ಬೇರೆಯೇ ಒಂದು ಸಣ್ಣ ಬಾಟಲಿ.

ಇದಕ್ಕಿಂತ ಕೆಟ್ಟದ್ದು ಮನೆಯಲ್ಲಿ ಆಯಿತು. 45 ಕಿಲೋಮೀಟರ್ ಹೊಡೆದ ಭಾನುವಾರ ಗತ್ತಿನಿಂದ ಕಡಿಮೆ ಉಂಡು, ಮಾತ್ರೆಯ ಜೊತೆಗೆ ರಾತ್ರಿ ತೆಗೆದುಕೊಳ್ಳುವ ಇನ್ಸುಲಿನ್ನನ್ನು ಎಂದಿನಷ್ಟೇ ಚುಚ್ಚಿಕೊಂಡು ಮಲಗಿದೆ. ರಾತ್ರಿ ಎರಡಕ್ಕೆ ಹೆಂಡತಿ ಅಲುಗಿಸಿ ಎಬ್ಬಿಸಿದಳು. ತಲೆದಿಂಬು ಒದ್ದೆಯಾಗಿತ್ತಂತೆ, ನಾನು ಅಡಿಕೆಯ ಲೆಕ್ಕ ಹೇಳುತ್ತಿದ್ದೆನಂತೆ. 58. ಸೈಕಲ್ ನಿಂತ ಮೇಲೂ ಸ್ನಾಯುಗಳು ಮರುದಿನದವರೆಗೂ ಸಕ್ಕರೆ ಹೀರುತ್ತಲೇ ಇರಬಹುದು. ಅದು ನನಗೆ ತಿಳಿದಿರಲಿಲ್ಲ. ಮರುದಿನ ಡಾಕ್ಟರರು ದೂರದ ಸವಾರಿಯ ರಾತ್ರಿಗೆ ಇನ್ಸುಲಿನ್ ತಗ್ಗಿಸಿಕೊಟ್ಟರು. ಹೆಂಡತಿ ತಾನೇ ಒಂದು ನಿಯಮ ಸೇರಿಸಿದಳು: ಅಂಥ ರಾತ್ರಿ ಎರಡು ಗಂಟೆಗೆ ಅಲಾರಾಂ. ಮನೆಗೆ ಬಂದೊಡನೆ ಕನ್ನಡಿ ಹಿಡಿದು ಪಾದ ನೋಡುವ ಅಭ್ಯಾಸವೂ ಅವಳು ಹಚ್ಚಿದ್ದೇ.

ಸವಾರಿಯ ದಿನದ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಚೆರ್ಕಳದಲ್ಲಿ ಹೆದ್ದಾರಿ ಕೆಲಸದ ಧೂಳು, ಚಂದ್ರಗಿರಿ ಸೇತುವೆಯ ಮೇಲೆ ತಂಪು ಗಾಳಿ. ಗಿಯರ್ ಸೈಕಲಿನ ಹುಡುಗರು ಆಗಲೇ ಕಣ್ಮರೆಯಾಗಿದ್ದರು. ಪ್ರತಿ ಗಂಟೆಗೊಮ್ಮೆ ನಾನು ಇಳಿದು ಬೆರಳು ಚುಚ್ಚುವಾಗ ಭಾವನೂ ಇಳಿದು ನಿಲ್ಲುತ್ತಿದ್ದ. ಕೋಟೆಯ ಬಾಗಿಲಲ್ಲಿ 104. ಒಂದು ಬೊಂಡ ಕುಡಿದು, ಬಾಳೆಹಣ್ಣು ತಿಂದು ತಿರುಗಿದೆವು. ವಾಪಸು ಬರುವಾಗಿನ ಬಿಸಿಲು ಮಾತ್ರ ಜೀವ ತೆಗೆಯಿತು. ಎರಡು ಏರುಗಳಲ್ಲಿ ತಳ್ಳಿಕೊಂಡೇ ನಡೆದೆ, ಅದರಲ್ಲಿ ನಾಚಿಕೆ ಇಲ್ಲ.

ಬದಿಯಡ್ಕದಲ್ಲಿ ಎಲ್ಲರಿಗೂ ಪಾಯಸ. ಬಡಿಸುತ್ತಿದ್ದ ಹಿರಿಯರು ನನ್ನ ಎದುರು ಸೌಟು ತಡೆದು, “ನಿಮಗೆ ಶುಗರ್ ಉಂಟಲ್ಲ?” ಎಂದರು. ಕೈ ತೊಳೆದುಕೊಂಡು ಬಂದು ಅವರ ಮುಂದೆಯೇ ಬೆರಳು ಚುಚ್ಚಿದೆ. 84. “ಹಾಗಾದರೆ ಎಷ್ಟು ಹಾಕಲಿ?” ಎಂದು ಕೇಳಿದರು. ಅರ್ಧ ಸೌಟು ಎಂದೆ. ಭಾವ ಪಕ್ಕದಿಂದ, “ಮುಕ್ಕಾಲು ಹಾಕಿ, ಮನೆಗೆ ಇನ್ನೂ ಒಂದು ಗುಡ್ಡ ಇದೆ” ಎಂದ.